ಕ್ಯಾಮರಾಕ್ಕೆ ತಕ್ಕ ಮೆಮೊರಿ ಕಾರ್ಡು

೨೦೧೯ನೆಯ ಇಸವಿಯ ಡಿಸೆಂಬರ್ ೨೬ರಂದು ದಕ್ಷಿಣ ಭಾರತದಲ್ಲಿ ಕಂಕಣ ಸೂರ್ಯಗ್ರಹಣವು ಗೋಚರವಾದುದು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಗ್ರಹಣದ ಮಧ್ಯರೇಖೆಯು ಕಾಸರಗೋಡು ಜಿಲ್ಲೆಯ ಚೆರುವತ್ತೂರಿನ ಸಮೀಪದಲ್ಲಿ ಹಾದುಹೋಗುವುದೆಂದು ತಿಳಿದು, ನಾವು ನಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗದ ಕೆಲವು ಮಂದಿ ವಿದ್ಯಾರ್ಥಿಗಳೊಡನೆ ಹಿಂದಿನ ದಿನವೇ ರೈಲಿನಲ್ಲಿ ಅಲ್ಲಿಗೆ ಹೋಗಿದ್ದೆವು. ಬೆಳಿಗ್ಗೆ ೮ ಗಂಟೆಯ ಸುಮಾರಿಗೆ ಚಂದ್ರನು ಸೂರ್ಯಬಿಂಬವನ್ನು ಮುಟ್ಟಿದನು. ಒಂಬತ್ತೂವರೆಗೆ ಕೆಲವು ನಿಮಿಷ ಮೊದಲು ಕಂಕಣವು ಪೂರ್ಣವಾಗಿ, ೩ ನಿಮಿಷಕ್ಕೆ ತುಸು ಹೆಚ್ಚು ಕಾಲ ನಿಂತಿತು.

ನಾವು ಅಲ್ಲಿಗೆ ಹೋದದ್ದು ಕಂಕಣದ ಚಿತ್ರಕ್ಕಾಗಿ ಮಾತ್ರವಲ್ಲ. ಕಂಕಣವು ಕೂಡಿಕೊಳ್ಳುವ ಕ್ಷಣದಲ್ಲಿಯೂ ಬಿಟ್ಟುಕೊಳ್ಳುವ ಕ್ಷಣದಲ್ಲಿಯೂ ಚಂದ್ರನ ಅಂಚಿನ ಬೆಟ್ಟಗಳು ಸೂರ್ಯನ ತೆಳುವಾದ ಬೆಳಕಿನ ಗೆರೆಯನ್ನು ಅಲ್ಲಲ್ಲಿ ತುಂಡರಿಸುತ್ತವೆ; ಕಣಿವೆಗಳ ಮೂಲಕ ಬರುವ ಬೆಳಕು ದಾರಕ್ಕೆ ಪೋಣಿಸಿದ ಮಣಿಗಳಂತೆ ತೋರುತ್ತದೆ. ೧೮೩೬ರ ಕಂಕಣ ಗ್ರಹಣದಲ್ಲಿ ಇದನ್ನು ಕಂಡು ವರ್ಣಿಸಿದ ಇಂಗ್ಲೆಂಡಿನ ಫ್ರಾನ್ಸಿಸ್ ಬೈಲಿಯ ಹೆಸರಿನಿಂದ ಇವಕ್ಕೆ ಬೈಲಿಯ ಮಣಿಗಳೆಂದು ಹೆಸರು. ಇವು ಉಳಿಯುವುದು ಕೆಲವೇ ಸೆಕೆಂಡು. ಅಷ್ಟರೊಳಗೆ ಒಂದರ ಹಿಂದೊಂದರಂತೆ ಚಿತ್ರಗಳನ್ನು ತೆಗೆದು, ಮಣಿಗಳ ಸ್ಥಾನಗಳನ್ನು ಚಂದ್ರನ ಅಂಚಿನ ನಕ್ಷೆಯೊಡನೆ ಹೋಲಿಸಿ, ಅದನ್ನು ನಮ್ಮ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗವಾಗಿ ಕೊಡಬೇಕೆಂಬುದು ನಮ್ಮ ಆಸೆಯಾಗಿತ್ತು.

ಮಸೂರದ ಮುಂದೆ ಸೌರಶೋಧಕವನ್ನು ಕಟ್ಟಿ, ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಕಂಕಣವು ಕೂಡುವುದಕ್ಕೆ ಸುಮಾರು ೧೦ ಸೆಕೆಂಡು ಮೊದಲೇ ನಾವು ಗುಂಡಿಯನ್ನು ಒತ್ತಿ ಹಿಡಿದೆವು. ಕ್ಯಾಮರಾ ಉತ್ಸಾಹದಿಂದ ಟಕಟಕನೆ ಶಬ್ದ ಮಾಡತೊಡಗಿತು. ನಾಲ್ಕು ಸೆಕೆಂಡು ಕಳೆಯುವಷ್ಟರಲ್ಲಿ ಶಬ್ದ ನಿಂತಿತು. "ಸರ್, ಕ್ಯಾಮರಾ ಕೆಟ್ಟುಹೋಯಿತೆ?" ಎಂದು ಪಕ್ಕದಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಕ್ಯಾಮರಾ ಕೆಟ್ಟಿರಲಿಲ್ಲ. ಅದರ ಬೆನ್ನಿನ ಕೆಂಪು ದೀಪವೊಂದು ಮಿನುಗುತ್ತಿತ್ತು. ಎರಡು ಸೆಕೆಂಡಿಗೊಮ್ಮೆ ಒಂದೊಂದು ಚಿತ್ರ ಮಾತ್ರ ಬರುತ್ತಿತ್ತು. ಮಣಿಗಳು ಮೂಡಿ ಮರೆಯಾದವು. ನಮಗೆ ದೊರೆತ ಚಿತ್ರವು ಒಂದೇ. ಅದೂ ಮಣಿಗಳೆಲ್ಲ ಕೂಡಿಕೊಂಡು ಉಂಗುರವಾದ ಮೇಲಿನದು. ಕಂಕಣವನ್ನು ಕಂಡ ಸಂತೋಷದಲ್ಲಿ ಮತ್ತೆ ಮತ್ತೆ ಗುಂಡಿಯೊತ್ತಿದ್ದರಿಂದ, ಬಿಟ್ಟುಕೊಳ್ಳುವ ಕ್ಷಣದಲ್ಲಿಯೂ ಅದೇ ಕೆಂಪು ದೀಪ ಮಿನುಗಿತು.

ವಿಭಾಗದ ಅಲ್ಪ ಹಣದಿಂದ ಕ್ಯಾಮರಾವನ್ನು ಕೊಂಡಿದ್ದ ನಾವು, ಮೆಮೊರಿ ಕಾರ್ಡಿನಲ್ಲಿ ಕೆಲವು ನೂರು ರೂಪಾಯಿಗಳನ್ನು ಉಳಿಸಿದ್ದೆವು. ಆ ಉಳಿತಾಯದ ಬೆಲೆ ಏನೆಂಬುದು ಅಂದು ತಿಳಿಯಿತು. ಮದುವೆಯ ಧಾರೆ, ಮಗುವಿನ ಮೊದಲ ಹೆಜ್ಜೆ, ಹಾರುವ ಹಕ್ಕಿ, ಓಟದ ಕೊನೆಯ ಗೆರೆ, ಇವಾವುವೂ ನಮಗಾಗಿ ಇನ್ನೊಮ್ಮೆ ನಡೆಯುವುದಿಲ್ಲ. ಆದುದರಿಂದ ಕಾರ್ಡಿನ ವೇಗವೆಂದರೇನು, ಅದನ್ನು ಅರಿಯುವುದು ಹೇಗೆ, ಯಾರಿಗೆ ಎಷ್ಟು ವೇಗ ಸಾಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿಚಾರ ಮಾಡೋಣ.

ತೊಟ್ಟಿಯ ಲೆಕ್ಕ

ಶಾಲೆಯ ಅಂಕಗಣಿತದಲ್ಲಿ ನಾವೆಲ್ಲರೂ ಬಿಡಿಸಿದ ಲೆಕ್ಕವೊಂದಿದೆ. ಒಂದು ತೊಟ್ಟಿಗೆ ಮೇಲಿನ ಕೊಳಾಯಿಯಿಂದ ನೀರು ಬೀಳುತ್ತಿದೆ. ಕೆಳಗಿನ ಕೊಳಾಯಿಯಿಂದ ಹೊರಗೆ ಹೋಗುತ್ತಿದೆ. ತೊಟ್ಟಿಯು ಎಷ್ಟು ಹೊತ್ತಿಗೆ ತುಂಬೀತು? ಕ್ಯಾಮರಾದ ಸಮಸ್ಯೆಯೂ ಇದೇ.

ಕ್ಯಾಮರಾ ತೆಗೆದ ಚಿತ್ರವು ನೇರವಾಗಿ ಕಾರ್ಡಿಗೆ ಹೋಗುವುದಿಲ್ಲ. ಮೊದಲು ಅದು ಕ್ಯಾಮರಾದೊಳಗಿನ ಬಫರ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ನಿಲ್ಲುತ್ತದೆ. ಈ ಸ್ಮೃತಿಯು ಬಹು ಶೀಘ್ರವಾದುದು, ಆದರೆ ಚಿಕ್ಕದು; ವಿದ್ಯುತ್ತು ಹೋದೊಡನೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಅಲ್ಲಿಂದ ಚಿತ್ರಗಳನ್ನು ಒಂದೊಂದಾಗಿ ಕಾರ್ಡಿಗೆ ಬರೆಯಲಾಗುತ್ತದೆ. ಬಫರೇ ತೊಟ್ಟಿ, ಚಿತ್ರ ತೆಗೆಯುವುದೇ ಒಳಹರಿವು, ಕಾರ್ಡಿಗೆ ಬರೆಯುವುದೇ ಹೊರಹರಿವು. ಆದ್ದರಿಂದ,

ತೊಟ್ಟಿ ತುಂಬುವ ಕಾಲ = ತೊಟ್ಟಿಯ ಗಾತ್ರ ÷ (ಒಳಹರಿವು − ಹೊರಹರಿವು)

ಈಗ ನಮ್ಮ ಕ್ಯಾಮರಾದ ಅಂಕಿಗಳನ್ನು ಹಾಕೋಣ. ಅದರ ಸಂವೇದಕದಲ್ಲಿ ೨ ಕೋಟಿ ೪೦ ಲಕ್ಷ ಬಿಂದುಗಳಿವೆ. ಒಂದೊಂದು ಬಿಂದುವಿನ ಬೆಳಕನ್ನೂ ೧೪ ಬಿಟ್ಟುಗಳಲ್ಲಿ ಗುರುತಿಸಿದರೆ ಒಂದು ಚಿತ್ರಕ್ಕೆ ೩೩ ಕೋಟಿ ೬೦ ಲಕ್ಷ ಬಿಟ್ಟುಗಳಾಗುತ್ತವೆ. ೮ ಬಿಟ್ಟುಗಳಿಗೆ ಒಂದು ಬೈಟಾದ್ದರಿಂದ ಇದು ೪೨ ಮೆಗಾಬೈಟು. ಕ್ಯಾಮರಾ ಇದನ್ನು ಏನೂ ಕಳೆಯದಂತೆ ಮಡಿಸಿ ಸುಮಾರು ೨೫ ಮೆಗಾಬೈಟಿಗೆ ಇಳಿಸುತ್ತದೆ. ಛಾಯಾಗ್ರಾಹಕರು 'ರಾ' ಎಂದು ಕರೆಯುವ ಕಚ್ಚಾ ಚಿತ್ರವೆಂದರೆ ಇದೇ. ಸೆಕೆಂಡಿಗೆ ೮ ಚಿತ್ರಗಳಂತೆ ತೆಗೆದರೆ ಒಳಹರಿವು ಸೆಕೆಂಡಿಗೆ ೨೦೦ ಮೆಗಾಬೈಟು. ತೊಟ್ಟಿಯ ಗಾತ್ರ ಸುಮಾರು ೮೦೦ ಮೆಗಾಬೈಟು. ನಾವು ಕೊಂಡ ಕಾರ್ಡು ಬರೆಯುತ್ತಿದ್ದ ವೇಗವನ್ನು ಆಮೇಲೆ ಅಳೆದಾಗ ಅದು ಸೆಕೆಂಡಿಗೆ ೧೨ ಮೆಗಾಬೈಟೆಂದು ತಿಳಿಯಿತು. ಹಾಗಾದರೆ ೮೦೦ನ್ನು ೧೮೮ರಿಂದ ಭಾಗಿಸಬೇಕು. ಬರುವ ಉತ್ತರ ಸುಮಾರು ನಾಲ್ಕೂಕಾಲು ಸೆಕೆಂಡು. ಚೆರುವತ್ತೂರಿನಲ್ಲಿ ಕ್ಯಾಮರಾ ನಿಂತದ್ದು ಸರಿಯಾಗಿ ಆ ಹೊತ್ತಿಗೇ! ತೊಟ್ಟಿ ತುಂಬಿದ ಮೇಲೆ ಎಷ್ಟು ಹೊರಹೋಗುವುದೋ ಅಷ್ಟಕ್ಕೆ ಮಾತ್ರ ಒಳಗೆ ಸ್ಥಳ. ೧೨ ಮೆಗಾಬೈಟೆಂದರೆ ಅರ್ಧ ಚಿತ್ರ. ಅಂತೆಯೇ ಎರಡು ಸೆಕೆಂಡಿಗೆ ಒಂದು ಚಿತ್ರ. ತುಂಬಿದ ತೊಟ್ಟಿಯು ಪೂರ್ತಿ ಬರಿದಾಗಬೇಕಾದರೆ ೮೦೦ನ್ನು ೧೨ರಿಂದ ಭಾಗಿಸಿದಂತೆ ೬೭ ಸೆಕೆಂಡು, ಎಂದರೆ ಒಂದು ನಿಮಿಷಕ್ಕೂ ಮಿಗಿಲಾದ ಕಾಲ ಬೇಕು.

ಗ್ರಹಣವನ್ನು ನೋಡಲು ಹೊರಡುವ ಮುಂಚೆ ಈ ಲೆಕ್ಕವನ್ನು ಮಾಡಿದ್ದರೆ ಸಾಕಾಗಿತ್ತು. ಭೌತಶಾಸ್ತ್ರವನ್ನು ಬೋಧಿಸುವ ನಾವು ಅದನ್ನು ಮಾಡಿದ್ದು ಮನೆಗೆ ಮರಳಿದ ಮೇಲೆ.

ಕಾರ್ಡಿನೊಳಗೆ ನಡೆಯುವುದೇನು?

ಬರೆಯುವುದು ಇಷ್ಟು ನಿಧಾನವಾಗುವುದೇಕೆ? ಇದನ್ನು ಅರಿಯಲು ಕಾರ್ಡಿನ ಒಳಗನ್ನು ಸ್ವಲ್ಪ ನೋಡಬೇಕು.

ಈಗ ಹೆಚ್ಚಾಗಿ ಬಳಕೆಯಲ್ಲಿರುವ ಎಸ್.ಡಿ. ಕಾರ್ಡು ೩೨ ಮಿಲಿಮೀಟರು ಉದ್ದ, ೨೪ ಮಿಲಿಮೀಟರು ಅಗಲ, ೨.೧ ಮಿಲಿಮೀಟರು ದಪ್ಪವಿರುವ ಒಂದು ಬಿಲ್ಲೆ. ಪ್ಯಾನಸೋನಿಕ್, ಸ್ಯಾನ್‌ಡಿಸ್ಕ್, ತೋಷಿಬಾ ಎಂಬ ಮೂರು ಕಂಪೆನಿಗಳು ಕೂಡಿ ೧೯೯೯ರಲ್ಲಿ ಇದನ್ನು ಹೊರತಂದವು. ಇದರ ಒಳಗೆ ಫ್ಲ್ಯಾಷ್ ಸ್ಮೃತಿಯ ಸಿಲಿಕಾನ್ ಹಲ್ಲೆಗಳೂ ಅವುಗಳ ಮೇಲ್ವಿಚಾರಣೆ ಮಾಡುವ ಒಂದು ಸಣ್ಣ ನಿಯಂತ್ರಕವೂ ಇರುತ್ತವೆ. ಫ್ಲ್ಯಾಷ್ ಸ್ಮೃತಿಯನ್ನು ಕಂಡುಹಿಡಿದವನು ತೋಷಿಬಾದಲ್ಲಿದ್ದ ಜಪಾನಿನ ಎಂಜಿನಿಯರ್ ಫುಜಿಯೊ ಮಸುವೊಕಾ. ೧೯೮೪ರಲ್ಲಿ ಅವನು ಇದರ ಮೊದಲ ಬಗೆಯನ್ನು ಲೋಕಕ್ಕೆ ತಿಳಿಸಿದನು. ಇಂದು ಕಾರ್ಡುಗಳಲ್ಲಿರುವ 'ನ್ಯಾಂಡ್' ಎಂಬ ಬಗೆಯು ೧೯೮೭ರಲ್ಲಿ ಬಂದಿತು. ಬರೆದುದನ್ನೆಲ್ಲ ಒಂದೇ ಏಟಿಗೆ ಅಳಿಸಬಹುದಾದ ಈ ಗುಣವು ಕ್ಯಾಮರಾದ ಫ್ಲ್ಯಾಷ್ ದೀಪವನ್ನು ನೆನಪಿಗೆ ತಂದುದರಿಂದ ಅವನ ಸಹೋದ್ಯೋಗಿಯೊಬ್ಬನು ಈ ಹೆಸರನ್ನು ಸೂಚಿಸಿದನೆಂದು ಹೇಳುತ್ತಾರೆ. ಕ್ಯಾಮರಾದಿಂದ ಹೆಸರನ್ನು ಪಡೆದ ಸ್ಮೃತಿಯು ಕೊನೆಗೆ ಕ್ಯಾಮರಾದೊಳಗೇ ನೆಲೆಸಿದ್ದು ವಿಶೇಷವಷ್ಟೆ.

ಈ ಸ್ಮೃತಿಯ ಒಂದೊಂದು ಕೋಶವೂ ಒಂದು ಟ್ರಾನ್ಸಿಸ್ಟರು. ಅದರಲ್ಲಿ ಸುತ್ತಲೂ ಅವಾಹಕದಿಂದ ಆವೃತವಾದ ಒಂದು ದ್ವೀಪವಿದೆ. ಈ ದ್ವೀಪದಲ್ಲಿ ಎಲೆಕ್ಟ್ರಾನುಗಳು ಇವೆಯೋ ಇಲ್ಲವೋ ಎಂಬುದೇ ಕೋಶದಲ್ಲಿ ಬರೆದ ಬರೆಹ. ಅವಾಹಕದ ಗೋಡೆಯನ್ನು ಎಲೆಕ್ಟ್ರಾನು ದಾಟುವುದೆಂತು? ಹಳೆಯ ಭೌತಶಾಸ್ತ್ರದ ಪ್ರಕಾರ ಅದು ಅಸಾಧ್ಯ. ಆದರೆ ಗೋಡೆಯು ಒಂದು ಮೀಟರಿನ ನೂರು ಕೋಟಿಯ ಕೆಲವೇ ಭಾಗಗಳಷ್ಟು ತೆಳುವಾಗಿದ್ದು, ಅದರ ಅಡ್ಡಲಾಗಿ ಸುಮಾರು ೨೦ ವೋಲ್ಟಿನ ಒತ್ತಡವನ್ನು ಹೇರಿದಾಗ, ಕ್ವಾಂಟಮ್ ನಿಯಮಕ್ಕನುಸಾರವಾಗಿ ಎಲೆಕ್ಟ್ರಾನುಗಳು ಸುರಂಗದಲ್ಲಿ ನುಸುಳಿದಂತೆ ಆಚೆಗೆ ಹೋಗುತ್ತವೆ. ಒತ್ತಡವನ್ನು ತೆಗೆದರೆ ಅವು ಅಲ್ಲಿಯೇ ಸೆರೆಯಾಗಿ ವರ್ಷಗಟ್ಟಲೆ ಉಳಿಯುತ್ತವೆ. ಕಾರ್ಡನ್ನು ಕ್ಯಾಮರಾದಿಂದ ಹೊರತೆಗೆದರೂ ಚಿತ್ರವು ಉಳಿಯುವುದು ಇದರಿಂದಲೇ.

ಓದುವುದು ಸುಲಭ. ಕೋಶದ ಮೂಲಕ ವಿದ್ಯುತ್ತು ಹರಿಯುವುದೋ ಇಲ್ಲವೋ ಎಂದು ನೋಡಿದರೆ ಸಾಕು. ಒಂದು ಸೆಕೆಂಡಿನ ಹತ್ತು ಲಕ್ಷದ ಕೆಲವು ಹತ್ತು ಭಾಗಗಳಲ್ಲಿ ಒಂದು ಇಡೀ ಪುಟವನ್ನು ಓದಬಹುದು. ಬರೆಯುವುದು ಹಾಗಲ್ಲ. ಎಲೆಕ್ಟ್ರಾನುಗಳನ್ನು ಸ್ವಲ್ಪ ತಳ್ಳಿ, ಸಾಕಾಯಿತೇ ಎಂದು ಪರೀಕ್ಷಿಸಿ, ಸಾಲದಿದ್ದರೆ ಮತ್ತೆ ತಳ್ಳಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನಡೆಯಬೇಕು. ಇದಕ್ಕೆ ಓದುವುದರ ಹತ್ತಾರು ಪಾಲು ಕಾಲ ಹಿಡಿಯುತ್ತದೆ.

ಇನ್ನೊಂದು ತೊಡಕೂ ಉಂಟು. ಕಡಮೆ ಬೆಲೆಗೆ ಹೆಚ್ಚು ಸ್ಥಳವನ್ನು ಒದಗಿಸುವ ಸಲುವಾಗಿ ಇಂದು ಒಂದೇ ಕೋಶದಲ್ಲಿ ೩ ಬಿಟ್ಟುಗಳನ್ನು ತುಂಬುವುದು ವಾಡಿಕೆ. ೩ ಬಿಟ್ಟುಗಳಿಗೆ ೮ ಬೇರೆ ಬೇರೆ ಮಟ್ಟಗಳು ಬೇಕು. ಒಂದು ಸೇರಿನ ಪಾತ್ರೆಯನ್ನು ಬರಿದಾಗಿಡುವುದು ಇಲ್ಲವೇ ತುಂಬುವುದು ಎಂದಾದರೆ ಎಣ್ಣೆಯನ್ನು ಒಂದೇ ಸಲಕ್ಕೆ ಸುರಿದುಬಿಡಬಹುದು. ಅದೇ ಪಾತ್ರೆಯಲ್ಲಿ ಎಂಟು ಗೆರೆಗಳನ್ನು ಹಾಕಿ, ಸರಿಯಾಗಿ ಐದನೆಯ ಗೆರೆಗೆ ನಿಲ್ಲಿಸು ಎಂದರೆ ತೊಟ್ಟು ತೊಟ್ಟಾಗಿ ಸುರಿಯಬೇಕಾಗುತ್ತದೆ. ಕೋಶದಲ್ಲಿ ಬಿಟ್ಟುಗಳು ಹೆಚ್ಚಿದಷ್ಟೂ ಬರೆಯುವ ವೇಗ ಕುಗ್ಗುವುದು ಈ ಕಾರಣದಿಂದ. ಕೆಲವು ಕಾರ್ಡುಗಳ ನಿಯಂತ್ರಕವು ಮೊದಲು ಬಂದುದನ್ನು ಕೋಶಕ್ಕೆ ಒಂದೇ ಬಿಟ್ಟಿನಂತೆ ಬೇಗಬೇಗನೆ ಬರೆದಿಟ್ಟು, ಆಮೇಲೆ ಬಿಡುವಿನಲ್ಲಿ ಒತ್ತಟ್ಟಿಗೆ ತುಂಬುತ್ತದೆ. ಅಂತಹ ಕಾರ್ಡು ಆರಂಭದಲ್ಲಿ ಬಹು ಚುರುಕಾಗಿದ್ದು, ಬರೆಯುತ್ತ ಹೋದಂತೆ ಒಮ್ಮೆಲೇ ಮಂದವಾಗುವುದು.

ಇದಲ್ಲದೆ, ಬರೆದ ಪುಟವೊಂದನ್ನೇ ಅಳಿಸಿ ಅದರ ಮೇಲೆ ಮತ್ತೆ ಬರೆಯಲು ಬರುವುದಿಲ್ಲ. ಅನೇಕ ಪುಟಗಳು ಸೇರಿದ ಒಂದು ಖಂಡವನ್ನೇ ಅಳಿಸಬೇಕು. ಒಂದಕ್ಷರವನ್ನು ತಿದ್ದಲು ಇಡೀ ಸ್ಲೇಟನ್ನು ಒರೆಸಬೇಕಾದ ಹುಡುಗನಂತೆ, ನಿಯಂತ್ರಕವು ಖಂಡದಲ್ಲಿ ಉಳಿದ ಬರೆಹವನ್ನು ಬೇರೆಡೆಗೆ ನಕಲು ಮಾಡಿ, ಖಂಡವನ್ನು ಅಳಿಸಿ, ಆಮೇಲೆ ಬರೆಯುತ್ತದೆ. ಚಿತ್ರಗಳನ್ನು ನಡುನಡುವೆ ಅಳಿಸುತ್ತ ಬಳಸಿದ ಹಳೆಯ ಕಾರ್ಡು ತಡವರಿಸುವುದು ಇದರಿಂದ. ಚಿತ್ರಗಳನ್ನು ಗಣಕಕ್ಕೆ ನಕಲು ಮಾಡಿಕೊಂಡ ಮೇಲೆ ಕಾರ್ಡನ್ನು ಕ್ಯಾಮರಾದಲ್ಲಿಯೇ 'ಫಾರ್ಮ್ಯಾಟ್' ಮಾಡಬೇಕೆಂದು ಬಲ್ಲವರು ಹೇಳುವುದು ಇದೇ ಕಾರಣಕ್ಕಾಗಿ.

ಕಾರ್ಡಿನ ಮೇಲಿನ ಗುರುತುಗಳು

ಇನ್ನು ಅಂಗಡಿಗೆ ಹೋಗೋಣ. ನಮ್ಮ ಹಳೆಯ ಕಾರ್ಡಿನ ಮೇಲೆ ದೊಡ್ಡ ಅಂಕಿಗಳಲ್ಲಿ ಸೆಕೆಂಡಿಗೆ ೧೦೦ ಮೆಗಾಬೈಟೆಂದು ಅಚ್ಚಾಗಿತ್ತು. ಅದು ಸುಳ್ಳಲ್ಲ. ಆದರೆ ಅದು ಓದುವ ವೇಗ. ಅದೂ 'ಅಷ್ಟರವರೆಗೆ' ಎಂಬ ಮಾತಿನೊಡನೆ. ಚಿತ್ರಗಳನ್ನು ಗಣಕಕ್ಕೆ ಸಾಗಿಸುವಾಗ ಮಾತ್ರ ಅದರ ಪ್ರಯೋಜನ. ಕ್ಯಾಮರಾಕ್ಕೆ ಬೇಕಾದುದು ಬರೆಯುವ ವೇಗ; ಅದರಲ್ಲಿಯೂ ಒಂದು ಕ್ಷಣದ ಗರಿಷ್ಠ ವೇಗವಲ್ಲ, ಬಿಡದೆ ನಡೆಯುವ ಕನಿಷ್ಠ ವೇಗ. ಇದನ್ನು ತಿಳಿಸುವ ಗುರುತುಗಳು ಕಾರ್ಡಿನ ಮೇಲೆ ಬಹು ಚಿಕ್ಕದಾಗಿ ಇರುತ್ತವೆ. ಅವನ್ನು ಓದುವ ಬಗೆ ಹೀಗೆ:

ಇಂಗ್ಲಿಷಿನ 'ಸಿ' ಅಕ್ಷರದೊಳಗೆ ೨, ೪, ೬ ಅಥವಾ ೧೦ ಎಂಬ ಅಂಕಿಯಿದ್ದರೆ, ಕಾರ್ಡು ಸೆಕೆಂಡಿಗೆ ಕನಿಷ್ಠ ಅಷ್ಟು ಮೆಗಾಬೈಟುಗಳನ್ನು ಎಡೆಬಿಡದೆ ಬರೆಯಬಲ್ಲದು.

'ಯು' ಅಕ್ಷರದೊಳಗೆ ೧ ಇದ್ದರೆ ಕನಿಷ್ಠ ೧೦ ಮೆಗಾಬೈಟು. ೩ ಇದ್ದರೆ ಕನಿಷ್ಠ ೩೦ ಮೆಗಾಬೈಟು.

'ವಿ' ಅಕ್ಷರದ ಮುಂದೆ ೬, ೧೦, ೩೦, ೬೦, ೯೦ ಎಂಬ ಅಂಕಿಗಳಲ್ಲಿ ಒಂದಿದ್ದರೆ ಕನಿಷ್ಠ ವೇಗವು ಅಷ್ಟೇ ಮೆಗಾಬೈಟು. ಚಲಚ್ಚಿತ್ರಗಳನ್ನು ತೆಗೆಯುವವರಿಗಾಗಿ ೨೦೧೬ರಲ್ಲಿ ಬಂದ ಈ ಗುರುತು ಎಲ್ಲಕ್ಕಿಂತ ಸ್ಪಷ್ಟವಾದುದು.

'ಎ' ಅಕ್ಷರದ ಮುಂದೆ ೧ ಅಥವಾ ೨ ಇದ್ದರೆ ಅದು ಮೊಬೈಲು ಫೋನಿನಲ್ಲಿ ಸಣ್ಣ ಸಣ್ಣ ತುಣುಕುಗಳನ್ನು ಓದಿ ಬರೆಯುವ ಶಕ್ತಿಯನ್ನು ಕುರಿತದ್ದು. ಕ್ಯಾಮರಾದವರು ಇದಕ್ಕೆ ಹೆಚ್ಚು ಗಮನ ಕೊಡಬೇಕಾಗಿಲ್ಲ.

ನಮ್ಮ ಕಾರ್ಡಿನಲ್ಲಿ 'ಸಿ'ಯೊಳಗೆ ೧೦ ಎಂಬ ಅಂಕಿಯಿತ್ತು. ಸೆಕೆಂಡಿಗೆ ೧೦ ಮೆಗಾಬೈಟು ಬರೆಯುತ್ತೇನೆಂದು ಹೇಳಿ ೧೨ನ್ನು ಬರೆಯಿತು. ಅದು ತನ್ನ ಮಾತನ್ನು ನಡೆಸಿತು. ಓದಿ ಅರ್ಥಮಾಡಿಕೊಳ್ಳದವರು ನಾವು.

ಕೆಲವು ಕಾರ್ಡುಗಳ ಮೇಲೆ '೬೩೩ ಪಟ್ಟು', '೧೦೦೦ ಪಟ್ಟು' ಎಂಬ ಅರ್ಥ ಬರುವಂತೆ ಗುಣಕಾರದ ಚಿಹ್ನೆಯೊಡನೆ ಅಂಕಿಗಳಿರುತ್ತವೆ. ಒಂದು ಪಟ್ಟೆಂದರೆ ಮೊದಲಿನ ಸಿ.ಡಿ. ಯಂತ್ರಗಳ ವೇಗ, ಸೆಕೆಂಡಿಗೆ ೧೫೦ ಕಿಲೋಬೈಟು. ಆದ್ದರಿಂದ ೧೦೦೦ ಪಟ್ಟೆಂದರೆ ೧೫೦ ಮೆಗಾಬೈಟು. ಇದೂ ಸಾಮಾನ್ಯವಾಗಿ ಓದುವ ವೇಗವೇ.

ದಾರಿಯ ಅಗಲ

ಕಾರ್ಡು ಎಷ್ಟೇ ವೇಗವುಳ್ಳದ್ದಾದರೂ ಕ್ಯಾಮರಾಕ್ಕೂ ಕಾರ್ಡಿಗೂ ನಡುವಣ ದಾರಿಯು ಇಕ್ಕಟ್ಟಾಗಿದ್ದರೆ ಉಪಯೋಗವಿಲ್ಲ. ಕಾರ್ಡಿನ ಮೇಲೆ ರೋಮನ್ ಲಿಪಿಯಲ್ಲಿ ಒಂದು ಗೆರೆಯಾಗಲಿ ಎರಡು ಗೆರೆಗಳಾಗಲಿ ಇರುವುದನ್ನು ನೋಡಬಹುದು. ಇದು ದಾರಿಯ ಗುರುತು. ೨೦೧೦ರಲ್ಲಿ ಬಂದ ಯು.ಎಚ್.ಎಸ್.-೧ ಎಂಬ ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ೧೦೪ ಮೆಗಾಬೈಟು ಸಾಗಬಹುದು. ಮರುವರ್ಷ ಬಂದ ಯು.ಎಚ್.ಎಸ್.-೨ರಲ್ಲಿ ೩೧೨ ಮೆಗಾಬೈಟಿನವರೆಗೆ ಸಾಗುತ್ತದೆ. ಕಾರ್ಡನ್ನು ತಿರುಗಿಸಿ ಹಿಂಬದಿಯನ್ನು ನೋಡಿದರೆ ಎರಡನೆಯದರಲ್ಲಿ ಚಿನ್ನದ ಬಣ್ಣದ ತಗಡುಗಳು ಒಂದು ಸಾಲಿನ ಬದಲು ಎರಡು ಸಾಲಿರುತ್ತವೆ.

ಎರಡು ಸಾಲಿನ ಕಾರ್ಡನ್ನು ಒಂದೇ ಸಾಲಿಗೆ ತಕ್ಕ ಕ್ಯಾಮರಾದಲ್ಲಿ ಹಾಕಿದರೆ ಅದು ಕೆಲಸ ಮಾಡುತ್ತದೆ, ಆದರೆ ಒಂದೇ ಸಾಲಿನ ವೇಗದಲ್ಲಿ. ಹೆದ್ದಾರಿಯಲ್ಲಿ ಧಾವಿಸಿ ಬಂದ ಬಂಡಿಗಳು ಹಳೆಯ ಕಿರುಸೇತುವೆಯ ಬಳಿ ಸಾಲುಗಟ್ಟಿ ನಿಂತಂತೆ! ಯು.ಎಚ್.ಎಸ್.-೧ರ ಕೆಲವು ಕಾರ್ಡುಗಳ ಮೇಲೆ ೧೭೦, ೨೦೦ ಎಂಬ ಅಂಕಿಗಳೂ ಕಾಣುತ್ತವೆ. ಇವು ತಯಾರಕರು ತಮ್ಮದೇ ಉಪಾಯದಿಂದ, ಅದಕ್ಕೆ ತಕ್ಕ ಕಾರ್ಡು ಓದುವ ಸಾಧನದೊಡನೆ ಸಾಧಿಸಿದ ವೇಗಗಳು, ಸಾಮಾನ್ಯವಾದ ಯು.ಎಚ್.ಎಸ್.-೧ ಕ್ಯಾಮರಾದೊಳಗೆ ದಾರಿ ೧೦೪ರದೇ. ಆದುದರಿಂದ ಕಾರ್ಡನ್ನು ಕೊಳ್ಳುವ ಮೊದಲು ಕ್ಯಾಮರಾದ ಕೈಪಿಡಿಯನ್ನು ತೆರೆದು ಅದು ಯಾವ ದಾರಿಯನ್ನು ಬಲ್ಲದೆಂದು ನೋಡತಕ್ಕದ್ದು.

ಗಾತ್ರದ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ೨ ಗಿಗಾಬೈಟಿಗೆ ಮೇಲ್ಪಟ್ಟು ೩೨ರವರೆಗಿನವು ಎಸ್.ಡಿ.ಎಚ್.ಸಿ.; ೩೨ಕ್ಕೆ ಮೇಲ್ಪಟ್ಟವು ಎಸ್.ಡಿ.ಎಕ್ಸ್.ಸಿ. ಮೊದಲನೆಯದು ೨೦೦೬ರಲ್ಲಿ, ಎರಡನೆಯದು ೨೦೦೯ರಲ್ಲಿ ಬಂದುದರಿಂದ ಅದಕ್ಕಿಂತ ಹಳೆಯ ಕ್ಯಾಮರಾಗಳು ಅವನ್ನು ಗುರುತಿಸಲಾರವು. ದುಬಾರಿಯಾದ ಕೆಲವು ಕ್ಯಾಮರಾಗಳಲ್ಲಿರುವ ಸಿ.ಎಫ್.ಎಕ್ಸ್‌ಪ್ರೆಸ್ ಎಂಬ ಕಾರ್ಡುಗಳ ಆಕಾರವೇ ಬೇರೆ. ಅವುಗಳ ದಾರಿಯು ಸೆಕೆಂಡಿಗೆ ೧೦೦೦ ಮೆಗಾಬೈಟು ಅಥವಾ ಅದಕ್ಕಿಂತಲೂ ಹೆಚ್ಚು ಅಗಲವಾದುದು. ಬೆಲೆಯೂ ಅದಕ್ಕೆ ತಕ್ಕಂತೆಯೇ.

ಯಾರಿಗೆ ಎಷ್ಟು ವೇಗ ಸಾಕು?

ಒಂದೊಂದಾಗಿ ನಿಧಾನವಾಗಿ ಚಿತ್ರ ತೆಗೆಯುವವರಿಗೆ ವೇಗದ ಚಿಂತೆ ಬೇಡ. ದೇವಾಲಯದ ಶಿಲ್ಪವನ್ನೋ ಮನೆಯ ಅಂಗಳದ ಹೂವನ್ನೋ ತೆಗೆಯುವಾಗ ಎರಡು ಚಿತ್ರಗಳ ನಡುವೆ ಬೇಕಾದಷ್ಟು ಬಿಡುವಿರುತ್ತದೆ. ತೊಟ್ಟಿ ತುಂಬುವುದೇ ಇಲ್ಲ. 'ಯು'ವಿನೊಳಗೆ ೧ ಇರುವ ಕಾರ್ಡೇ ಅವರಿಗೆ ಸಾಕು.

ಚಲಚ್ಚಿತ್ರವನ್ನು ತೆಗೆಯುವವರು ಒಂದು ಭ್ರಾಂತಿಗೆ ಒಳಗಾಗಬಾರದು. ಕ್ಯಾಮರಾದ ಕೈಪಿಡಿಯಲ್ಲಿ ಸೆಕೆಂಡಿಗೆ ೧೦೦ ಎಂದಿರುವುದು ಮೆಗಾಬಿಟ್ಟು. ಕಾರ್ಡಿನ ಮೇಲಿರುವುದು ಮೆಗಾಬೈಟು. ೧೦೦ನ್ನು ೮ರಿಂದ ಭಾಗಿಸಿದರೆ ಹನ್ನೆರಡೂವರೆ ಮೆಗಾಬೈಟಾಗುತ್ತದೆ. ಅದಕ್ಕೆ 'ವಿ ೩೦' ಧಾರಾಳವಾಗಿ ಸಾಕು. ೪೦೦ ಮೆಗಾಬಿಟ್ಟಿನ ಚಿತ್ರಣವಾದರೆ ೫೦ ಮೆಗಾಬೈಟಾಗುವುದರಿಂದ 'ವಿ ೬೦' ಬೇಕು. ಚಲಚ್ಚಿತ್ರದಲ್ಲಿ ಒಳಹರಿವು ನಿಲ್ಲುವುದೇ ಇಲ್ಲವಾದ ಕಾರಣ ಇಲ್ಲಿ ತೊಟ್ಟಿಯ ಗಾತ್ರವನ್ನು ನಂಬಿ ಪ್ರಯೋಜನವಿಲ್ಲ. ಹೊರಹರಿವು ಒಳಹರಿವಿಗಿಂತ ಹೆಚ್ಚಾಗಿರಲೇಬೇಕು. ಇಲ್ಲವಾದರೆ ಚಿತ್ರಣವು ನಡುವೆ ನಿಂತುಹೋಗುತ್ತದೆ. ೬೪ ಗಿಗಾಬೈಟಿನ ಕಾರ್ಡಿನಲ್ಲಿ ೧೦೦ ಮೆಗಾಬಿಟ್ಟಿನ ಚಿತ್ರಣವು ಎಷ್ಟು ಹೊತ್ತು ಹಿಡಿಸೀತೆಂಬುದನ್ನು ವಾಚಕರೇ ಲೆಕ್ಕ ಹಾಕಿ ನೋಡಬಹುದು. ಉತ್ತರ ೮೫ ನಿಮಿಷದಷ್ಟು ಬರುತ್ತದೆ.

ಹಕ್ಕಿ, ಆಟೋಟ, ಗ್ರಹಣ, ಇಂಥವುಗಳ ಚಿತ್ರಗಳನ್ನು ಒಂದೇ ಉಸಿರಿನಲ್ಲಿ ತೆಗೆಯುವವರಿಗೆ ಮಾತ್ರ ತೊಟ್ಟಿಯ ಲೆಕ್ಕ ಮುಖ್ಯ. ನಮ್ಮ ಕ್ಯಾಮರಾದ ದಾರಿ ಯು.ಎಚ್.ಎಸ್.-೧ ಆದುದರಿಂದ ೩೦೦ರ ಕಾರ್ಡನ್ನು ಕೊಂಡರೆ ಹಣ ವ್ಯರ್ಥ. 'ವಿ ೩೦' ಗುರುತಿನ ಬೇರೊಂದು ಕಾರ್ಡನ್ನು ತಂದು ಅಳೆದಾಗ ಬರೆಯುವ ವೇಗ ಸುಮಾರು ೮೦ ಮೆಗಾಬೈಟು ಬಂದಿತು. ಈಗ ೮೦೦ನ್ನು ೧೨೦ರಿಂದ ಭಾಗಿಸಿದರೆ ತೊಟ್ಟಿ ತುಂಬಲು ೬.೭ ಸೆಕೆಂಡು. ಇದು ಹಳೆಯದಕ್ಕಿಂತ ಎರಡೂವರೆ ಸೆಕೆಂಡು ಮಾತ್ರ ಹೆಚ್ಚು! ನಿಜವಾದ ಲಾಭವು ಆಮೇಲೆ ಕಾಣುತ್ತದೆ. ತುಂಬಿದ ತೊಟ್ಟಿ ಬರಿದಾಗಲು ೬೭ ಸೆಕೆಂಡಿನ ಬದಲು ೧೦ ಸೆಕೆಂಡು. ತುಂಬಿದ ಮೇಲೂ ಸೆಕೆಂಡಿಗೆ ಮೂರು ಚಿತ್ರಗಳು. ವೇಗದ ಕಾರ್ಡು ನಮಗೆ ಕೊಡುವುದು ಮುಖ್ಯವಾಗಿ ಎರಡನೆಯ ಅವಕಾಶವನ್ನು.

ಆದರೆ ಲೆಕ್ಕವು ನಮಗೆ ಇನ್ನೂ ಒಂದು ಪಾಠವನ್ನು ಕಲಿಸಿತು. ಕಚ್ಚಾ ಚಿತ್ರದ ಬದಲು 'ಜೆಪೆಗ್' ರೂಪದಲ್ಲಿ ತೆಗೆದಿದ್ದರೆ ಒಂದೊಂದು ಚಿತ್ರವೂ ೮ ಮೆಗಾಬೈಟಿನಷ್ಟಾಗಿ, ಒಳಹರಿವು ೬೪ಕ್ಕೆ ಇಳಿಯುತ್ತಿತ್ತು. ಆಗ ಅದೇ ಹಳೆಯ ಕಾರ್ಡಿನಲ್ಲಿಯೂ ತೊಟ್ಟಿ ತುಂಬುತ್ತಿದ್ದುದು ೮೦೦ನ್ನು ೫೨ರಿಂದ ಭಾಗಿಸಿದಂತೆ, ೧೫ ಸೆಕೆಂಡಿನ ಮೇಲೆ. ನಾವು ಗುಂಡಿಯೊತ್ತಿದ್ದು ೧೦ ಸೆಕೆಂಡು ಮೊದಲು. ಮಣಿಗಳು ಎಲ್ಲವೂ ಸಿಗುತ್ತಿದ್ದವು! ಅಥವಾ ಕಚ್ಚಾ ಚಿತ್ರವನ್ನೇ ಇಟ್ಟುಕೊಂಡು, ತಾಳ್ಮೆಯಿಂದ ಎರಡು ಸೆಕೆಂಡು ಮೊದಲು ಮಾತ್ರ ಗುಂಡಿಯೊತ್ತಿದ್ದರೂ ಸಿಗುತ್ತಿದ್ದವು. ಕೆಲವು ನೂರು ರೂಪಾಯಿಗಳ ಉಳಿತಾಯಕ್ಕಿಂತ ನಮ್ಮ ಅಜ್ಞಾನವೇ ಹೆಚ್ಚು ನಷ್ಟವನ್ನು ಮಾಡಿತು.

ಅಳೆದು ನೋಡುವ ಬಗೆ

ಕಾರ್ಡಿನ ನಿಜವಾದ ವೇಗವನ್ನು ತಿಳಿಯಲು ಪ್ರಯೋಗಶಾಲೆ ಬೇಕಾಗಿಲ್ಲ. ಒಂದು ಗಡಿಯಾರ ಸಾಕು. ಕ್ಯಾಮರಾವನ್ನು ಎಲೆಗಳು ದಟ್ಟವಾಗಿರುವ ಮರದ ಕಡೆಗೆ ತಿರುಗಿಸಬೇಕು. ಬರಿಯ ಗೋಡೆಯಾದರೆ ಚಿತ್ರವು ಚಿಕ್ಕದಾಗಿ ಮಡಿಸಿಕೊಂಡು ಲೆಕ್ಕ ತಪ್ಪುತ್ತದೆ. ಬೆಳಕು ಬೀಳುವ ಕಾಲವನ್ನು ಸೆಕೆಂಡಿನ ೫೦೦ನೆಯ ಒಂದು ಭಾಗಕ್ಕೆ ಇಟ್ಟು, ಶಬ್ದವು ಮಂದವಾಗುವವರೆಗೆ ಗುಂಡಿಯನ್ನು ಒತ್ತಿ ಹಿಡಿಯಬೇಕು. ಮಂದವಾದೊಡನೆ ಗಡಿಯಾರ ನೋಡಿಕೊಂಡು, ಮುಂದಿನ ೩೦ ಸೆಕೆಂಡಿನಲ್ಲಿ ಎಷ್ಟು ಚಿತ್ರಗಳು ಬಂದವೆಂದು ಎಣಿಸಬೇಕು. ಆ ಸಂಖ್ಯೆಯನ್ನು ಒಂದು ಚಿತ್ರದ ಮೆಗಾಬೈಟುಗಳಿಂದ ಗುಣಿಸಿ ೩೦ರಿಂದ ಭಾಗಿಸಿದರೆ ಕಾರ್ಡು ನಿಮ್ಮ ಕ್ಯಾಮರಾದಲ್ಲಿ ಬರೆಯುವ ವೇಗ ಸಿಗುತ್ತದೆ. ನಮ್ಮ ಹಳೆಯ ಕಾರ್ಡಿನಲ್ಲಿ ೧೪ ಚಿತ್ರಗಳು ಬಂದವು. ಅಂಗಡಿಯ ಮಾತಿಗಿಂತ ಈ ಅಳತೆಯೇ ಪ್ರಮಾಣ.

ಹೊಸ ಕಾರ್ಡನ್ನು ಕೊಂಡೊಡನೆ ಇನ್ನೊಂದು ಪರೀಕ್ಷೆಯೂ ಅವಶ್ಯಕ. ಪೇಟೆಯಲ್ಲಿ ನಕಲಿ ಕಾರ್ಡುಗಳುಂಟು. ಒಳಗೆ ೮ ಗಿಗಾಬೈಟು ಮಾತ್ರವಿದ್ದು, ತಾನು ೧೨೮ ಗಿಗಾಬೈಟಿನವನೆಂದು ಕ್ಯಾಮರಾಕ್ಕೆ ಸುಳ್ಳು ಹೇಳುವಂತೆ ಅವುಗಳ ನಿಯಂತ್ರಕವನ್ನು ತಿದ್ದಿರುತ್ತಾರೆ. ಎಂಟು ಗಿಗಾಬೈಟು ತುಂಬಿದ ಮೇಲೆ ಬರೆದುದೆಲ್ಲ ನಾಶವಾಗುತ್ತದೆ. ಅದು ತಿಳಿಯುವುದು ಮದುವೆ ಮುಗಿದ ಮೇಲೆ. ಆದುದರಿಂದ ಕಾರ್ಡನ್ನು ಒಮ್ಮೆ ಪೂರ್ತಿಯಾಗಿ ತುಂಬಿ, ತುಂಬಿದುದನ್ನೆಲ್ಲ ಮರಳಿ ಓದಿ ಸರಿಯಿದೆಯೇ ಎಂದು ನೋಡಬೇಕು. ಈ ಕೆಲಸವನ್ನು ಮಾಡುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಆದರೆ ೬೪ ಎಂದು ಬರೆದ ಕಾರ್ಡು ಗಣಕದಲ್ಲಿ ೫೯.೬ ಎಂದು ಕಂಡರೆ ಗಾಬರಿಯಾಗಬೇಡಿ. ತಯಾರಕರು ಗಿಗಾಬೈಟೆಂದರೆ ೧೦೦ ಕೋಟಿ ಬೈಟೆಂದು ಎಣಿಸುತ್ತಾರೆ. ಅನೇಕ ಗಣಕಗಳು ೧೦೭ ಕೋಟಿಗೂ ತುಸು ಹೆಚ್ಚೆಂದು ಎಣಿಸುತ್ತವೆ. ಇದು ಮೋಸವಲ್ಲ, ಎಣಿಕೆಯ ಭೇದ.

ಕೆಂಪು ದೀಪ ಮಿನುಗುತ್ತಿರುವಾಗ ಕಾರ್ಡನ್ನು ಕೀಳಬಾರದು, ವಿದ್ಯುತ್ಕೋಶವನ್ನು ತೆಗೆಯಬಾರದು. ತೊಟ್ಟಿಯಲ್ಲಿರುವುದೆಲ್ಲ ಆಗ ನಷ್ಟವಾಗುತ್ತದೆ. ದೊಡ್ಡದೊಂದು ಕಾರ್ಡಿಗಿಂತ ಮಧ್ಯಮ ಗಾತ್ರದ ಎರಡು ಲೇಸು. ಒಂದು ಕೆಟ್ಟರೆ ಇನ್ನೊಂದಾದರೂ

ಉಳಿದೀತು. ಮನೆಗೆ ಬಂದೊಡನೆ ಚಿತ್ರಗಳನ್ನು ಎರಡು ಬೇರೆ ಬೇರೆ ಕಡೆ ನಕಲು ಮಾಡಿಡಬೇಕು. ಸೆರೆಯಾದ ಎಲೆಕ್ಟ್ರಾನುಗಳು ವರ್ಷಗಟ್ಟಲೆ ಉಳಿದರೂ ಶಾಶ್ವತವಾಗಿ ಉಳಿಯಲಾರವು. ಕಾರ್ಡು ನೀರನ್ನು ತರುವ ಬಿಂದಿಗೆಯೇ ಹೊರತು ನೀರನ್ನು ಕಾಯುವ ಬಾವಿಯಲ್ಲ.

ಚೆರುವತ್ತೂರಿನಿಂದ ಮರಳಿದ ಮೇಲೆ ಮೊದಲ ತರಗತಿಯಲ್ಲಿಯೇ ನಾವು ಕರಿಹಲಗೆಯ ಮೇಲೆ ತೊಟ್ಟಿಯೊಂದನ್ನು ಬರೆದು, ನಮ್ಮ ತಪ್ಪನ್ನೇ ವಿದ್ಯಾರ್ಥಿಗಳಿಗೆ ಲೆಕ್ಕವಾಗಿ ಕೊಟ್ಟೆವು. ಕ್ಯಾಮರಾ ಕೆಟ್ಟಿತೇ ಎಂದು ಕೇಳಿದ ವಿದ್ಯಾರ್ಥಿನಿಯೇ ಎಲ್ಲರಿಗಿಂತ ಮೊದಲು ಉತ್ತರವನ್ನು ತಂದಳು. ಜೆಪೆಗ್ ರೂಪದ ಉಪಾಯವನ್ನು ಕಂಡುಹಿಡಿದವಳೂ ಅವಳೇ. ೨೦೩೧ರ ಮೇ ೨೧ರಂದು ಕೇರಳ ಮತ್ತು ತಮಿಳುನಾಡುಗಳ ಮೇಲೆ ಇನ್ನೊಂದು ಕಂಕಣ ಗ್ರಹಣವು ಹಾದುಹೋಗಲಿದೆ. ಅಂದು ಕ್ಯಾಮರಾವನ್ನು ಹಿಡಿದು ನಿಲ್ಲುವವರು ಮಸೂರಕ್ಕೆ ಸೌರಶೋಧಕವನ್ನು ಕಟ್ಟುವುದನ್ನೂ, ಬರಿಗಣ್ಣಿನಿಂದ ಸೂರ್ಯನನ್ನು ನೋಡದಿರುವುದನ್ನೂ ಮರೆಯದಿರಲಿ. ಅದರೊಡನೆ, ಹಿಂದಿನ ರಾತ್ರಿ ಒಂದು ಚೂರು ಕಾಗದದ ಮೇಲೆ ಮೂರು ಅಂಕಿಗಳನ್ನು ಬರೆದು ಒಂದು ಭಾಗಾಕಾರವನ್ನು ಮಾಡಿಕೊಳ್ಳಲಿ.